ಗುಳಿಗೆ ಬಿಟ್ಟಿದ್ದೀಯಂತೆ ಪುಟ್ಟಾ

ಮಾಟುಂಗಾ, ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಾ,

ಆಶೀರ್ವಾದಗಳು. ನಿನ್ನೆ ಪುಣೆಯಿಂದ ನಿನ್ನ ಹೆಂಡತಿ ಫೋನ್ ಮಾಡಿದ್ದಳು. ಸ್ಟ್ರೋಕ್ ಆದಮೇಲೆ ಈಗ ಕೋಲಿಲ್ಲದೆ ಸೊಸೈಟಿ ಗೇಟಿನ ತನಕ ಹೋಗಿ ಬರುತ್ತೀಯಂತೆ. ಕೇಳಿ ಹೊಟ್ಟೆ ತಣ್ಣಗಾಯಿತು. ಆಮೇಲೆ ಅವಳು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. ತೊಡೆ ನೋಯುತ್ತದೆ ಎಂದು ನೀನು ಕೊಲೆಸ್ಟರಾಲ್ ಗುಳಿಗೆ ಬಿಟ್ಟು ಮೂರು ವಾರ ಆಯಿತಂತೆ. ಅದಕ್ಕೇ ಈ ಪತ್ರ.

ಬೈಯಲು ಬರೆಯುತ್ತಿಲ್ಲ. ನಾನೂ ಇದೇ ತಪ್ಪು ಮಾಡಿದವಳು. ಲಕ್ವಾ ಹೊಡೆದ ಎಂಟು ತಿಂಗಳಿಗೆ ನನ್ನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 64 ಬಂತು. ವಾಸಿಯಾಯಿತಲ್ಲ, ಇನ್ನೇಕೆ ಎಂದು ಗುಳಿಗೆ ನಾನೇ ನಿಲ್ಲಿಸಿದೆ. ಎರಡೇ ತಿಂಗಳಲ್ಲಿ 148. ಡಾಕ್ಟರು ರಿಪೋರ್ಟ್ ನೋಡಿ, "64 ಬಂದದ್ದು ಗುಳಿಗೆಯಿಂದ ಅಮ್ಮಾ" ಎಂದರು. ಪುಣ್ಯಕ್ಕೆ ಅಷ್ಟರೊಳಗೆ ಏನೂ ಆಗಲಿಲ್ಲ.

ಕೊಲೆಸ್ಟರಾಲ್ ಬರೀ ತುಪ್ಪ, ವಡೆಯಿಂದ ಬರುವುದಲ್ಲ. ಹೆಚ್ಚಿನ ಪಾಲನ್ನು ಮೈಯೇ ಮಾಡಿಕೊಳ್ಳುತ್ತದೆ. ಸ್ಟಾಟಿನ್ ಎಂಬ ಈ ಕೊಲೆಸ್ಟರಾಲ್ ಗುಳಿಗೆ ಲಿವರಿನಲ್ಲಿ ಆ ಕೆಲಸವನ್ನು ತಡೆಯುತ್ತದೆ. ಆಗ ಲಿವರ್ ರಕ್ತದಲ್ಲಿರುವುದನ್ನೇ ಎಳೆದುಕೊಳ್ಳುತ್ತದೆ. ನಾಳದ ಗೋಡೆಗೆ ಕಟ್ಟಿದ ಜಿಡ್ಡು ಒಡೆಯದಂತೆಯೂ ಗುಳಿಗೆ ಕಾಯುತ್ತದೆ. ಗುಳಿಗೆ ನಿಂತರೆ ಲಿವರ್ ಮತ್ತೆ ಹಳೇ ದಾರಿ ಹಿಡಿಯುತ್ತದೆ, ಅಷ್ಟೇ.

ಗುಳಿಗೆ ಬರೀ ಕೆಮಿಕಲ್, ಅದರ ಬದಲು ಬೆಳ್ಳುಳ್ಳಿ ಸಾಕು ಎನ್ನುತ್ತೀಯಂತೆ. ಆದರೆ ಇದರ ಮೂಲ ಬೂಷ್ಟು ಕಣೋ. ಜಪಾನಿನ ಅಕಿರಾ ಎಂಡೊ ಸಾವಿರಾರು ಬೂಷ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿ, 1970ರ ದಶಕದಲ್ಲಿ ಮೊದಲ ಸ್ಟಾಟಿನ್ ಕಂಡುಹಿಡಿದರು. ಅದು ಸಿಕ್ಕಿದ್ದು ಅಕ್ಕಿಯಲ್ಲಿದ್ದ ಬೂಷ್ಟಿನಲ್ಲಿ. ಬೆಳ್ಳುಳ್ಳಿ ಸಾರಿಗೆ ಹಾಕಿ ತಿನ್ನು, ಗುಳಿಗೆ ಬದಲು ಬೇಡ.

2006ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ಸ್ಟ್ರೋಕ್ ಅಥವಾ ಮಿನಿ ಸ್ಟ್ರೋಕ್ ಆಗಿದ್ದ 4,700ಕ್ಕೂ ಹೆಚ್ಚು ಜನ ಇದ್ದರು. ಸುಮಾರು ಐದು ವರ್ಷದಲ್ಲಿ, ಮದ್ದಿಲ್ಲದ ಖಾಲಿ ಗುಳಿಗೆ ತಿಂದ ನೂರರಲ್ಲಿ 13 ಜನರಿಗೆ ಮತ್ತೆ ಸ್ಟ್ರೋಕ್ ಆಯಿತು. ಅಟೊರ್ವಾಸ್ಟಾಟಿನ್ ಎಂಬ ಸ್ಟಾಟಿನ್ ತಿಂದವರಲ್ಲಿ 11. ಬರೀ ಎರಡು ಅನ್ನಿಸುತ್ತದೆ, ಅಲ್ವಾ? ಪಾರಾದ ಆ ಇಬ್ಬರಲ್ಲಿ ನೀನೊಬ್ಬ ಇರಲಿ ಎಂದು ನನ್ನ ಆಸೆ. ನಿನ್ನದು ನಾಳ ಕಟ್ಟಿಕೊಂಡು ಬಂದ ಸ್ಟ್ರೋಕ್. ತಲೆಯೊಳಗೆ ರಕ್ತ ಸೋರಿದವರ ಲೆಕ್ಕ ಬೇರೆ, ಅವರ ಮಾತು ಕೇಳಿ ನಿನ್ನ ಗುಳಿಗೆ ತೀರ್ಮಾನ ಮಾಡಬೇಡ.

ತೊಡೆ ನೋವು ಸುಳ್ಳು ಎನ್ನುತ್ತಿಲ್ಲ. ಆದರೆ ಎರಡೂ ತೊಡೆ ಒಟ್ಟಿಗೆ ನೋಯುತ್ತವಾ, ಇಲ್ಲಾ ಸ್ವಾಧೀನ ತಪ್ಪಿದ ಕಡೆ ಮಾತ್ರವಾ? ಫಿಸಿಯೋ ಮಾಡಿದ ದಿನ ಜಾಸ್ತಿಯಾ? ಇದನ್ನೆಲ್ಲ ಬರೆದುಕೊಂಡು ಡಾಕ್ಟರಿಗೆ ಹೇಳು. ಸ್ನಾಯುವಿಗೆ ಪೆಟ್ಟಾಗಿದೆಯಾ ಎಂದು ನೋಡಲು ಸಿಕೆ ಎಂಬ ರಕ್ತ ಪರೀಕ್ಷೆ ಇದೆ. ಡೋಸ್ ಇಳಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು. ಮೈಕೈ ತುಂಬಾ ಸೋತು ಮೂತ್ರ ಕಪ್ಪಗಾದರೆ ಮಾತ್ರ ಆ ದಿನವೇ ಆಸ್ಪತ್ರೆಗೆ ಹೋಗು.

ಕೈ ಇನ್ನೂ ಸರಿಯಾಗಿಲ್ಲ ಎಂದು ಅಳುತ್ತೀಯಂತೆ. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಎರಡು ತಟ್ಟೆ ಇಟ್ಟು, ಒಂದರಿಂದ ಇನ್ನೊಂದಕ್ಕೆ ತೊಗರಿಬೇಳೆ ಒಂದೊಂದೇ ಎತ್ತಿ ಹಾಕುತ್ತಿದ್ದೆ. ಮೊದಲ ದಿನ ನಾಲ್ಕು ಕಾಳು. ಬೆರಳು ಹೆಬ್ಬೆರಳಿಗೆ ಮುಟ್ಟುತ್ತಲೇ ಇರಲಿಲ್ಲ, ಬೇಳೆ ಜಾರಿ ಒಲೆ ಕೆಳಗೆ ಹೋಗುತ್ತಿತ್ತು. ದೊಡ್ಡಪ್ಪ ಸುಮ್ನೆ ಬಗ್ಗಿ ಹೆಕ್ಕಿ ಕೊಡುತ್ತಿದ್ದರು. ಕುಪ್ಪಸದ ಹುಕ್ ಹಾಕಿಕೊಳ್ಳಲು ವರ್ಷ ಹಿಡಿಯಿತು. ಮೊದಲ ಕೆಲವು ತಿಂಗಳು ಬೇಗ ಬೇಗ ಬರುತ್ತದೆ, ಆಮೇಲೆ ನಿಧಾನ. ಆದರೆ ಬರುತ್ತದೆ ಕಣೋ. ಈ ಪತ್ರದಲ್ಲಿ 'ಳ' ಸೊಟ್ಟಗಿದೆ ನೋಡು, ಅದೊಂದು ಅಕ್ಷರ ಇನ್ನೂ ಬಗ್ಗಿಲ್ಲ.

ಮುಂದಿನ ತಿಂಗಳು ಇಂದ್ರಾಯಣಿ ರೈಲಿನಲ್ಲಿ ಬರುತ್ತೇನೆ. ವಾರದ ಏಳು ಮನೆ ಇರುವ ಗುಳಿಗೆ ಡಬ್ಬಿ ತರುತ್ತೇನೆ, ನನ್ನ ಹತ್ತಿರ ಇರುವಂಥದ್ದೇ. ಅಲ್ಲಿಯವರೆಗೆ ಕಾಯಬೇಡ. ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡಿ, ಮೂರು ವಾರ ಬಿಟ್ಟಿದ್ದೆ ಎಂದು ಇದ್ದದ್ದು ಇದ್ದ ಹಾಗೆ ಹೇಳು. ಅವರು ಏನೆಂದರು ಅಂತ ನನಗೂ ಹೇಳು. ಫೋನ್ ಪಕ್ಕದಲ್ಲೇ ಕೂತಿರುತ್ತೇನೆ.

ನಿನ್ನ
ದೊಡ್ಡಮ್ಮ