ಬಿಳಿ ಎತ್ತಿಗೆ ಬಿಳಿ ಬಣ್ಣ ಕೊನೆಗೆ

ಪ್ರಿಯ ಗೆಳೆಯಾ,

ಆಯಿಲ್ ಪೇಂಟಿಂಗ್ ಕಲಿಯಲು ಯಾವ ಚಿತ್ರ ನಕಲು ಮಾಡಲಿ ಎಂದು ಕೇಳಿದ್ದೆಯಲ್ಲ, ಫ್ರೆಂಚ್ ಚಿತ್ರಕಾರ್ತಿ ರೋಸಾ ಬೊನರ್ ಅವರ, ಫ್ರಾನ್ಸಿನ ನಿವೆರ್ನೆ ಸೀಮೆಯ ಉಳುಮೆಯ ಚಿತ್ರ ತಗೋ. 1849ರದ್ದು, ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ಅಲ್ಲಿಯದು ಚಳಿಗಾಲಕ್ಕೆ ಮುಂಚಿನ ಮೊದಲ ಉಳುಮೆ. ಎರಡೂವರೆ ಮೀಟರಿಗೂ ಹೆಚ್ಚು ಅಗಲದ ಕ್ಯಾನ್ವಾಸಿನಲ್ಲಿ ಹನ್ನೆರಡು ಎತ್ತುಗಳಿವೆ. ಅಷ್ಟೂ ಬೇಡ. ಒಂದು ಜೋಡಿ, ಕಾಲಡಿಯ ಹೆಂಟೆ, ಹಿಂದಿನ ಗುಡ್ಡ, ಒಂದಿಷ್ಟು ಆಕಾಶ ಸಾಕು.

ಆ ಭಾಗವನ್ನು 20×25 ಸೆಂ.ಮೀ. ಪ್ರಿಂಟ್ ತೆಗೆಸಿ ಎರಡೂವರೆ ಸೆಂ.ಮೀ. ಚೌಕ ಹಾಕು. 40×50 ಕ್ಯಾನ್ವಾಸಿಗೆ ಐದೈದು ಸೆಂ.ಮೀ. ಚೌಕ. ಇದ್ದಿಲಿನಲ್ಲಿ ಬರೆದು, ಗೆರೆಗಳನ್ನು ತೆಳು ಅಂಬರ್‌ನಲ್ಲಿ (ಕಡು ಕಂದು ಬಣ್ಣ) ತಿದ್ದಿ, ಇದ್ದಿಲ ಪುಡಿ ಒರೆಸಿಬಿಡು. ಉಳಿದರೆ ತಿಳಿಬಣ್ಣವೆಲ್ಲ ಕೊಳೆಯಾಗುತ್ತದೆ. ಇಲ್ಲೊಂದು ಎಚ್ಚರ: ಇವು ಶಾರೊಲೆ ತಳಿಯ ಎತ್ತುಗಳು, ಹಿಣಿಲಿಲ್ಲ. ಹಳ್ಳಿಕಾರ್ ನೋಡಿ ಬೆಳೆದ ಕೈ ಗೊತ್ತಿಲ್ಲದೆ ಹೆಗಲ ಮೇಲೆ ಉಬ್ಬು ಎಳೆದುಬಿಡುತ್ತದೆ. ಪ್ರಿಂಟನ್ನೂ ಕ್ಯಾನ್ವಾಸನ್ನೂ ತಲೆಕೆಳಗಾಗಿಸಿ ನೋಡು, ತಪ್ಪು ತಾನೇ ಕಾಣುತ್ತದೆ.

ಮೊದಲ ಪದರ ಬರ್ನ್ಟ್ ಅಂಬರ್ ಮತ್ತು ಟರ್ಪೆಂಟೈನ್ ಮಾತ್ರ. ಕಣ್ಣು ಅರೆಮುಚ್ಚಿ ಕತ್ತಲು-ಬೆಳಕನ್ನಷ್ಟೇ ಹಾಕು. ಅಂಬರ್ ಬೇಗ ಒಣಗುತ್ತದೆ, ಅದಕ್ಕೇ ತಳಕ್ಕೆ ಅದು. ಎರಡನೆಯ ಪದರಕ್ಕೆ ಎರಡು ಪಾಲು ಟರ್ಪೆಂಟೈನ್, ಒಂದು ಪಾಲು ಲಿನ್ಸೀಡ್ (ಅಗಸೆ) ಎಣ್ಣೆ, ಮೂರನೆಯದಕ್ಕೆ ಸಮಸಮ. ಎಣ್ಣೆಯ ಪಾಲು ತಿರುಗುಮುರುಗಾದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಆಮೇಲೆ ಅಲುಗಾಡಿ, ಬಿರುಕು ಬಿಡುತ್ತದೆ.

ಈ ಚಿತ್ರದ ನಿಜವಾದ ಪಾಠ ಎತ್ತಿನ ಮೈಯಲ್ಲಿದೆ. ಬಿಳಿ ಎತ್ತೆಂದು ಟೈಟಾನಿಯಂ ವೈಟ್ ಬಳಿದರೆ ಸುಣ್ಣ ಹೊಡೆದ ಗೋಡೆ ಆಗುತ್ತದೆ. ಬಿಸಿಲು ಬಿದ್ದ ಕಡೆ ಬಿಳಿಗೆ ಚೂರು ಯೆಲ್ಲೋ ಓಕರ್ (ಮಣ್ಣು ಹಳದಿ). ನೆರಳಿಗೆ ಅಲ್ಟ್ರಾಮರೀನ್ ನೀಲಿ, ಕೆಂಗಂದಿನ ಬರ್ನ್ಟ್ ಸಿಯೆನ್ನಾ, ಬಿಳಿ. ನೀಲಿ ತುಸು ಹೆಚ್ಚಿರಲಿ. ಕಪ್ಪು ಬೆರೆಸಿದರೆ ಮೈ ಬೂದಿಯಾಗಿ ಸಾಯುತ್ತದೆ. ಹೊಟ್ಟೆಯಡಿ ನೋಡು: ಅಲ್ಲಿ ನೆರಳು ತಣ್ಣಗಿಲ್ಲ, ಉತ್ತ ಮಣ್ಣಿನ ಕಂದು ಮೇಲಕ್ಕೆ ಹೊಡೆದು ಬೆಚ್ಚಗಿದೆ. ಅಲ್ಲಿಗೆ ಸಿಯೆನ್ನಾ, ಓಕರ್ ಹೆಚ್ಚಿಸು. ಈ ಒಂದು ಬೆಚ್ಚನೆಯ ಪಟ್ಟಿ ಇಲ್ಲದಿದ್ದರೆ ಎತ್ತು ನೆಲದ ಮೇಲೆ ನಿಲ್ಲುವುದೇ ಇಲ್ಲ, ಅಂಟಿಸಿದಂತೆ ತೇಲುತ್ತದೆ. ಅಪ್ಪಟ ಬಿಳಿಯನ್ನು ಕಡೆಯ ದಿನಕ್ಕೆ ಇಟ್ಟುಕೋ, ಬೆನ್ನಿನ ಅಂಚಿಗೆ ಎರಡು ಮೂರು ಸ್ಪರ್ಶ ಸಾಕು.

ಕೂದಲು ಒಂದೊಂದಾಗಿ ಬಿಡಿಸಬೇಡ. ಚಪ್ಪಟೆ ಬ್ರಷ್ಷನ್ನು ಸ್ನಾಯು ಓಡುವ ದಿಕ್ಕಿಗೆ ಎಳೆ, ಚರ್ಮ ತಾನೇ ಬರುತ್ತದೆ. ಗೊರಸು ಪೂರ್ತಿ ಕಾಣಿಸುವ ಆಸೆಯೂ ಬೇಡ, ಸಡಿಲ ಮಣ್ಣಿನಲ್ಲಿ ಅದು ಹೂತಿರಬೇಕು.

ಹೆಂಟೆಗೆ ಪೇಂಟಿಂಗ್ ನೈಫ್ (ಬಣ್ಣ ಬಳಿಯುವ ಚಾಕು). ದಪ್ಪ ಬಣ್ಣ ಇಲ್ಲಿ ಮಾತ್ರ. ಗುಡ್ಡ, ಆಕಾಶ ತೆಳುವಾಗಿರಲಿ, ದೂರ ದೂರವಾಗಿಯೇ ಉಳಿಯುತ್ತದೆ. ಒಣಗಿದ ಮೇಲೆ ಗಾಢ ಬಣ್ಣ ಅಲ್ಲಲ್ಲಿ ಮಂಕಾದರೆ ಹೆದರಬೇಡ, ತಳ ಎಣ್ಣೆ ಹೀರಿದೆ ಅಷ್ಟೆ. ಲಿನ್ಸೀಡ್‌ನ ತೆಳು ಲೇಪ ಸವರಿ, ಹೆಚ್ಚಿನದನ್ನು ಒರೆಸಿ ಮುಂದುವರಿಸು. ವಾರ್ನಿಷ್ ಆರು ತಿಂಗಳ ನಂತರ. ಹಿಂಬದಿಯಲ್ಲಿ ಇದು ಬೊನರ್ ಚಿತ್ರದ ನಕಲು ಎಂದು ಬರೆ, ಅವರ ಸಹಿ ಹಾಕಬೇಡ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡ ಮಾರಾಯಾ. ಲಿನ್ಸೀಡ್ ಒಣಗುವಾಗಿನ ಬಿಸಿಗೆ ತಾನಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿಡು. ಅಂಬರ್ ಪದರ ಮುಗಿದ ಕೂಡಲೇ ಫೋಟೋ ಕಳಿಸು, ಬಣ್ಣಕ್ಕೆ ಇಳಿಯುವ ಮೊದಲು ನೋಡೋಣ.

ನಿನ್ನ ಗೆಳೆಯ