ಹಳೇ ಗೋಡೆಗೆ ಸಿಮೆಂಟ್ ಬಳಿಸ್ಬೇಡ ಕಣೋ

ಗೆಳೆಯಾ,

ಚಾಮರಾಜಪುರಂನ ನಿಮ್ಮ ತಾತನ ಮನೇಲಿ ಕೆಳಗಡೆ ಅಂಗಡಿ ಮಾಡ್ತೀನಿ, ಕಂಟ್ರಾಕ್ಟರ್ ಹಳೇ ಸುಣ್ಣದ ಗಾರೆ ಪೂರ್ತಿ ಕಿತ್ತು ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಅಂದಿದಾನೆ ಅಂತ ಬರೆದಿದ್ಯಲ್ಲ, ಓದಿ ನಿಜವಾಗ್ಲೂ ಭಯ ಆಯ್ತು ಕಣೋ. ಯಾಕಂದ್ರೆ ನಾವಿಲ್ಲಿ ಹಳೇ ಮನೆ ರಿಪೇರಿಗೆ ಅಂತ ಮಾಡ್ತಿರೋ ಕೆಲಸದಲ್ಲಿ ಮುಕ್ಕಾಲು ಪಾಲು ಅಂದ್ರೆ ಹಿಂದೆ ಯಾರೋ ಬಳಿದು ಹೋಗಿರೋ ಸಿಮೆಂಟ್ ಕೀಳೋದೇ.

ನಮ್ಮದು ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ಕಡೆ, ವಿಕ್ಟೋರಿಯಾ ರಾಣಿ ಕಾಲದ ಕಲ್ಲಿನ ಮನೆ, ತುಂಬಾ ವರ್ಷ ಖಾಲಿ ಬಿದ್ದಿತ್ತು. ಈ ಸುತ್ತಿನ ಊರುಗಳೆಲ್ಲಾ ಉಣ್ಣೆ ಮಿಲ್ಲಿನ ದುಡ್ಡಲ್ಲಿ ಎದ್ದಿದ್ದು, ಆ ಹೊಗೆಗೇ ಕಲ್ಲು ಕಪ್ಪಾಗಿರೋದು. ಹತ್ರದಲ್ಲೇ ಸಾಲ್ಟೇರ್ ಇದೆ, ಟೈಟಸ್ ಸಾಲ್ಟ್ ಅನ್ನೋ ಮಿಲ್ ಯಜಮಾನ 1850ರ ದಶಕದಲ್ಲಿ ಕೆಲಸಗಾರರಿಗೆ ಅಂತ ಕಟ್ಟಿಸೋಕೆ ಶುರು ಮಾಡಿದ ಊರು. ಅಲ್ಲಿನ ಮಿಲ್ಲು 1986ರಲ್ಲಿ ಮುಚ್ತು, ಮಾರನೇ ವರ್ಷವೇ ಜೊನಾಥನ್ ಸಿಲ್ವರ್ ಅನ್ನೋರು ಅದನ್ನ ಕೊಂಡು ಗ್ಯಾಲರಿ ಮಾಡಿದ್ರು, ಈಗ ಪುಸ್ತಕದಂಗಡಿನೂ ಇದೆ, ಜನ ಹುಡುಕ್ಕೊಂಡು ಬರ್ತಾರೆ. ನಮ್ಮನೆಯವಳಿಗೆ ಬಟ್ಟೆ, ನೂಲು, ಗುಂಡಿ ಮಾರೋ ಅಂಗಡಿ ಹಾಕೋ ಆಸೆ ಹುಟ್ಟಿದ್ದೂ ಅಲ್ಲೇ.

ನಾವು ನೋಡಿದಾಗ ಗೋಡೆ ಕೆಳಗಿಂದ ಸೊಂಟದ ಎತ್ತರಕ್ಕೆ ಒದ್ದೆ, ಮುಟ್ಟಿದ್ರೆ ಪುಡಿಪುಡಿ. ಬಂದೋರೆಲ್ಲಾ ಮನೆ ಹಳೇದಾಯ್ತು, ತೇವ ನೆಲದಿಂದ ಏರ್ತಿದೆ, ಗೋಡೆಗೆ ಕೆಮಿಕಲ್ ಇಂಜೆಕ್ಷನ್ ಕೊಡಿಸಿ ಅಂತಾನೇ ಹೇಳಿದ್ದು. ವಯಸ್ಸಾದ ಮೇಸ್ತ್ರಿ ಒಬ್ರು ಮಾತ್ರ ಒಳಗೇ ಬರ್ಲಿಲ್ಲ, ಹೊರಗಡೆ ಒಂದು ಸುತ್ತು ಹಾಕಿ ಕಲ್ಲಿನ ಸಂದು ತೋರಿಸಿದ್ರು. ಈ ಗೋಡೆ ಕಟ್ಟಿರೋದು ಸುಣ್ಣದ ಗಾರೇಲಿ, ಮಳೆ ನೀರು ಸ್ವಲ್ಪ ಒಳಗೆ ಹೋದ್ರೂ ಸಂದಿನಿಂದಾನೇ ಆವಿಯಾಗಿ ಹೊರಗೆ ಬರುತ್ತೆ, ಯಾವನೋ ಅದರ ಮೇಲೆ ಸಿಮೆಂಟ್ ತುಂಬಿಬಿಟ್ಟಿದಾನೆ, ಈಗ ನೀರು ಮೆತ್ತಗಿರೋ ಕಲ್ಲೊಳಗಿಂದಾನೇ ಹೊರಗೆ ಬರ್ಬೇಕು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ ಕಲ್ಲಿನ ಮುಖಾನೇ ಚಕ್ಕೆ ಚಕ್ಕೆಯಾಗಿ ಬೀಳ್ತಿದೆ ಅಂದ್ರು. ಸಾಲದ್ದಕ್ಕೆ ಅಂಗಳದ ನೆಲ ಎತ್ತರಿಸಿ ಕಾಂಕ್ರೀಟ್ ಹಾಕಿ, ಮರದ ನೆಲದ ಅಡಿಗೆ ಗಾಳಿ ಹೋಗೋ ಕಿಂಡಿಗಳನ್ನೇ ಮುಚ್ಚಿದ್ರು. ತೊಲೆಗಳ ತುದಿ ಕೊಳೆತಿದ್ದು ಅದಕ್ಕೇನೇ.

ಹಾಗಾಗಿ ಮೊದಲು ಅಂಗಳ ಅಗೆದು ತಗ್ಗಿಸಿದ್ವಿ, ಕಿಂಡಿ ಬಿಡಿಸಿದ್ವಿ, ಸೂರಿನ ಮಳೆ ನೀರು ಹರಿಯೋ ದೋಣಿ ರಿಪೇರಿ ಮಾಡಿಸಿದ್ವಿ, ಸಿಮೆಂಟನ್ನ ಉಳಿ ಸುತ್ತಿಗೇಲಿ ನಿಧಾನಕ್ಕೆ ಕಿತ್ತು ಮತ್ತೆ ಸುಣ್ಣ ತುಂಬಿಸಿದ್ವಿ. ಸುಣ್ಣಕ್ಕೆ ಆತುರ ಆಗಲ್ಲ. ಚಳಿ 5 ಡಿಗ್ರಿಗಿಂತ ಕೆಳಗಿಳಿದ್ರೆ ಕೆಲಸ ನಿಲ್ಲಿಸ್ಬೇಕು, ಹಸಿ ಗೋಣಿತಾಟು ಹೊದಿಸಿ ಕಾಯ್ಬೇಕು, ಗಾಳೀಲಿರೋ ಇಂಗಾಲದ ಡೈಆಕ್ಸೈಡ್ ಎಳ್ಕೊಂಡು ಅದು ನಿಧಾನಕ್ಕೆ ಕಲ್ಲಾಗುತ್ತೆ. ನಮ್ಮ ಕಡೆ ಬೆಲ್ಲ, ಅಳಲೆಕಾಯಿ ನೀರು ಹಾಕಿ ಗಾರೆ ಅರೀತಿದ್ರು ಅಂತ ಮೇಸ್ತ್ರಿಗೆ ಹೇಳ್ದೆ, ಅವ್ರು ಕೆಲಸ ಬಿಟ್ಟು ಕೂತು ಎಲ್ಲಾ ಕೇಳಿಸ್ಕೊಂಡ್ರು. ಇಲ್ಲಿ ಒಳಗೋಡೆ ಗಾರೆಗೆ ದನದ ಕೂದಲೋ ಕುದುರೆ ಕೂದಲೋ ಸೇರಿಸ್ತಿದ್ರಂತೆ, ಬಿರುಕು ಬಿಡದೇ ಇರ್ಲಿ ಅಂತ.

ಕಿಟಕಿ ನೋಡ್ಬೇಕು ನೀನು! ಮೇಲೆ ಕೆಳಗೆ ಜಾರೋ ಚೌಕಟ್ಟು, ಪಕ್ಕದ ಪೆಟ್ಟಿಗೇಲಿ ಅದರ ತೂಕಕ್ಕೆ ಸಮನಾದ ಕಬ್ಬಿಣದ ಗುಂಡು ಹಗ್ಗದಲ್ಲಿ ನೇತಾಡುತ್ತೆ. ಪದರ ಪದರ ಪೇಂಟ್ ಬಳಿದು ಅಂಟಿಸಿಬಿಟ್ಟಿದ್ರು. ಹಳೇ ಪೇಂಟಲ್ಲಿ ಸೀಸ ಇರುತ್ತೆ ಅಂತ ಒಣಗಿದ ಹಾಗೇ ಉಜ್ಜೋ ಹಾಗಿಲ್ಲ, ಒದ್ದೆ ಮಾಡಿ ಕೆರೆದು ತೆಗೆದ್ವಿ. ಹಗ್ಗ ಹೊಸದು ಹಾಕಿದ್ವಿ ಅಷ್ಟೇ, ಮರ ಇನ್ನೂ ಗಟ್ಟಿ, ಈಗ ಒಂದು ಬೆರಳಲ್ಲಿ ಎತ್ತಬಹುದು. ಪ್ಲಾಸ್ಟಿಕ್ ಕಿಟಕಿ ಹಾಕ್ಸಿ ಅಂತ ಎಷ್ಟು ಜನ ಹೇಳಿದ್ರು ಗೊತ್ತಾ.

ಇನ್ನು ಅಂಗಡಿ ವಿಷಯ. ಮನೆನ ಅಂಗಡಿ ಮಾಡೋಕೆ ಕೌನ್ಸಿಲ್ ಪ್ಲಾನಿಂಗ್ ಪರ್ಮಿಷನ್ ಬೇಕು, ಅದು ಸಿಕ್ತು. ನಾನು ಯೋಚಿಸ್ದೇ ಇದ್ದಿದ್ದು ನೆಲದ ಭಾರ, ವಾಸದ ಮನೆ ನೆಲಕ್ಕೆ ಚದರ ಮೀಟರಿಗೆ ಸುಮಾರು 150 ಕೆಜಿ ಲೆಕ್ಕ ಹಾಕಿದ್ರೆ ಅಂಗಡಿಗೆ 400 ಹಿಡೀತಾರೆ, ಅದಕ್ಕೆ ಇಂಜಿನಿಯರ್ ಹೇಳಿದ ಹಾಗೆ ಹಳೇ ತೊಲೆ ಪಕ್ಕಕ್ಕೇ ಹೊಸ ತೊಲೆ ಜೋಡಿಸಿದ್ವಿ. ನಿನ್ನ ಇಂಜಿನಿಯರ್‌ಗೂ ಇದನ್ನ ಕೇಳು. ಮುಂದಿನ ಕೋಣೆ ಗೋಡೆ ಒಡೆದು ದೊಡ್ಡದು ಮಾಡೋಣ ಅಂತ ಎಲ್ಲರೂ ಅಂದ್ರು, ನಾವು ಒಡೀಲಿಲ್ಲ. ಗೋಡೆ ಮೇಲ್ಭಾಗದಲ್ಲಿ ಪಟ ನೇತು ಹಾಕೋಕೆ ಅಂತ ಆಗಿನೋರೇ ಮರದ ಪಟ್ಟಿ ಕೂರಿಸಿದಾರೆ, ಬಟ್ಟೆಗಳನ್ನ ಅದರಿಂದಾನೇ ಇಳಿಬಿಟ್ಟಿದೀವಿ, ಒಂದು ಮೊಳೆನೂ ಹೊಡೆದಿಲ್ಲ. ಕಪಾಟುಗಳು ತಮ್ಮ ಕಾಲ ಮೇಲೇ ನಿಂತಿವೆ, ನಾಳೆ ಇದು ಮತ್ತೆ ಮನೆ ಆಗ್ಬೇಕು ಅಂದ್ರೆ ಎತ್ತಿ ಆಚೆ ಇಡಬಹುದು.

ನೀನೂ ಅಡ್ವಾನ್ಸ್ ಕೊಡೋ ಮುಂಚೆ ಒಂದು ಮಳೇಲಿ ಛತ್ರಿ ಹಿಡ್ಕೊಂಡು ಮನೆ ಸುತ್ತಾ ನಿಂತು ನೋಡು, ತಾರಸಿ ನೀರು ಎಲ್ಲಿ ಬೀಳ್ತಿದೆ, ಚರಂಡಿ ಕಟ್ಕೊಂಡಿದ್ಯಾ, ಹಿಂದೆ ಯಾರಾದ್ರೂ ಸಿಮೆಂಟ್ ತೇಪೆ ಹಾಕಿದಾರಾ ಅಂತ. ಗಾರೆ ಕೆಲಸ ಗೊತ್ತಿರೋ ಹಳೇ ಮೇಸ್ತ್ರಿಗಳು ಮೈಸೂರಲ್ಲಿ ಇನ್ನೂ ಸಿಗ್ತಾರೆ, ವಿಚಾರಿಸು. ಗೋಡೆ ಫೋಟೋ ತೆಗೆದು ಕಳ್ಸು, ನಾನು ಮೇಸ್ತ್ರಿಗೂ ತೋರಿಸ್ತೀನಿ. ಅಲ್ಲೀವರೆಗೂ ಆ ಕಂಟ್ರಾಕ್ಟರ್‌ಗೆ ಗೋಡೆ ಮುಟ್ಟೋಕೆ ಬಿಡ್ಬೇಡ.

ಇಂತಿ ನಿನ್ನ ಗೆಳೆಯ