ತಾಯಿ ಕಾರ್ಡ್ ಮುಗಿದ ಮೇಲೆ ಹೆಣ್ಣಿನ ಆರೋಗ್ಯ ಯಾರ ಲೆಕ್ಕಕ್ಕೆ?

ಮಾನ್ಯ ಸಂಪಾದಕರೇ,

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಆವಕ, ದರಗಳ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ತಪ್ಪದೇ ಬರುತ್ತದೆ. ಆ ಕಾಯಿಯ ತುಂಬು (ತೊಟ್ಟು) ಬಿಡಿಸುತ್ತ ದಿನವಿಡೀ ನೆಲದ ಮೇಲೆ ಕುಳಿತಿರುವ ಹೆಣ್ಣುಮಕ್ಕಳ ಬಗ್ಗೆ ಬರೆಯಬೇಕೆನಿಸಿ ಈ ಪತ್ರ. ಸೆರಗನ್ನು ಮೂಗಿಗೆ ಎಷ್ಟೇ ಬಿಗಿದು ಕಟ್ಟಿಕೊಂಡರೂ ಘಾಟು ತಪ್ಪುವುದಿಲ್ಲ. ಖಾರ ಹತ್ತಿದ ಬೆರಳಿನಿಂದ ಕಣ್ಣು ಒರೆಸಿಕೊಳ್ಳುವಂತಿಲ್ಲ. ಕೂಲಿ ಕೆ.ಜಿ. ಲೆಕ್ಕದ್ದಾದ್ದರಿಂದ ಮೂತ್ರಕ್ಕೆ ಎದ್ದು ಹೋದರೂ ಅಷ್ಟು ಹೊತ್ತಿನ ದುಡಿಮೆ ಹೋದಂತೆಯೇ ಎಂದು ಅನೇಕರು ನೀರನ್ನೇ ಕಡಿಮೆ ಕುಡಿಯುತ್ತಾರೆ.

ನಮ್ಮ ಓಣಿಯ ಮೂವತ್ತಾರು ವರ್ಷದ ಹೆಣ್ಣುಮಗಳೊಬ್ಬಳು ಇದೇ ಕೆಲಸ ಮಾಡುತ್ತಾಳೆ. ಒಂದು ಸಂಜೆ ನಮ್ಮ ಮನೆಯ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ಕುಳಿತುಬಿಟ್ಟಳು. ವಿಚಾರಿಸಿದಾಗ, ಎರಡು ವರ್ಷದಿಂದ ತಿಂಗಳಿಗೆ ಹತ್ತು ಹನ್ನೆರಡು ದಿನ ರಕ್ತಸ್ರಾವ ಆಗುತ್ತಿದೆ ಎಂದು ಹೇಳಿದಳು. 'ಹೆಂಗಸರಿಗೆ ಇವೆಲ್ಲ ಇದ್ದದ್ದ ಅಲ್ರೀ ಅಕ್ಕಾರ' ಎಂದು ತಾನೇ ಸಮಾಧಾನವನ್ನೂ ಹೇಳಿಕೊಂಡಳು. ಅಷ್ಟರಲ್ಲಾಗಲೇ ಒಂದು ಖಾಸಗಿ ಆಸ್ಪತ್ರೆಯಲ್ಲಿ, 'ಮಕ್ಕಳಾಗ್ಯಾವಲ್ಲ, ಗರ್ಭಕೋಶ ತೆಗೆಸಿಬಿಡ್ರಿ' ಎಂಬ ಸಲಹೆ ಸಿಕ್ಕಿತ್ತು. ಖರ್ಚಿಗೆಂದು ತವರಿನಿಂದ ಬಂದ ಬೋರಮಾಳ ಸರವನ್ನು ಒತ್ತೆ ಇಡಲು ಆಕೆ ಸಿದ್ಧಳಾಗಿದ್ದಳು. ನಾನು ಹಟ ಹಿಡಿದು ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞೆಯ ಬಳಿ ಕರೆದೊಯ್ದೆ. ಹಿಮೋಗ್ಲೋಬಿನ್ 6ರ ಆಸುಪಾಸಿನಲ್ಲಿತ್ತು, ಗರ್ಭಕೋಶದಲ್ಲಿ ಚಿಕ್ಕ ಗಡ್ಡೆಯಿತ್ತು. ಕಬ್ಬಿಣಾಂಶದ ಇಂಜೆಕ್ಷನ್ ಮತ್ತು ಮಾತ್ರೆಗಳಿಂದಲೇ ಎಂಟು ತಿಂಗಳಲ್ಲಿ ಆಕೆ ಚೇತರಿಸಿಕೊಂಡಳು. ಸರ ಮನೆಯಲ್ಲೇ ಉಳಿಯಿತು.

ಇದೇ ಹೆಣ್ಣುಮಗಳು ಬಸುರಿಯಾಗಿದ್ದಾಗ ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬರುತ್ತಿದ್ದಳು. ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಎಲ್ಲವೂ ದಾಖಲಾಗುತ್ತಿದ್ದವು. ಆ ಕಾಳಜಿಯ ಫಲವನ್ನು ನಾವು ಕಣ್ಣಾರೆ ಕಂಡಿದ್ದೇವೆ: 2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ಇದ್ದ ತಾಯಂದಿರ ಸಾವು 2018–20ರ ಹೊತ್ತಿಗೆ 69ಕ್ಕೆ ಇಳಿದಿದೆ. ಎರಡನೆಯ ಹೆರಿಗೆಯಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮುಗಿದ ದಿನದಿಂದ ಮಾತ್ರ ಆಕೆಯನ್ನು ಕೇಳುವವರೇ ಇಲ್ಲವಾದರು. ನಮ್ಮ ಆರೋಗ್ಯ ವ್ಯವಸ್ಥೆ ಹೆಣ್ಣನ್ನು ಗರ್ಭಿಣಿಯಾಗಿ ಗುರುತಿಸುವಷ್ಟು ಚೆನ್ನಾಗಿ ಬದುಕಿನ ಬೇರೆ ಯಾವ ಹಂತದಲ್ಲೂ ಗುರುತಿಸುತ್ತಿಲ್ಲ ಎಂಬುದೇ ನನ್ನ ಮುಖ್ಯ ದೂರು.

ರಕ್ತಹೀನತೆಯ ವಿಷಯವನ್ನೇ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಪುರುಷರಲ್ಲಿ ಶೇ 25. ನಮ್ಮ ರಾಜ್ಯದ ಮಹಿಳೆಯರಲ್ಲೂ ಇದು ಹೆಚ್ಚುಕಡಿಮೆ ಅರ್ಧಕ್ಕರ್ಧ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ ಹುಡುಗಿಗೆ ಮನೆಯಲ್ಲೇ ಬರುತ್ತದೆ, ಮುಟ್ಟಿನ ದಿನಗಳ ತೊಂದರೆಯನ್ನು ನುಂಗಿಕೊಳ್ಳುವ ಪಾಠವೂ ಅಲ್ಲಿಯದೇ. ಶಾಲೆಯಲ್ಲಿ ಸ್ಯಾನಿಟರಿ ಪ್ಯಾಡ್ ಕೊಡುವ 'ಶುಚಿ' ಯೋಜನೆ ನಡುವೆ ಕೆಲವು ವರ್ಷ ನಿಂತೇ ಹೋಗಿದ್ದಾಗ, ಅದನ್ನು ಗಟ್ಟಿಯಾಗಿ ಕೇಳುವ ಧೈರ್ಯ ಯಾವ ಹುಡುಗಿಗೂ ಇರಲಿಲ್ಲ ಎಂಬುದನ್ನು ಶಿಕ್ಷಕಿಯಾಗಿದ್ದ ನಾನು ಬಲ್ಲೆ.

ಗರ್ಭಕೋಶ ತೆಗೆಯುವ ವಿಚಾರ ನಮ್ಮ ಜಿಲ್ಲೆಗೆ ಹೊಸದಲ್ಲ. ರಾಣೆಬೆನ್ನೂರು ತಾಲ್ಲೂಕಿನ ತಾಂಡಾಗಳ ಹೆಣ್ಣುಮಕ್ಕಳು, ತಮಗೆ ಅನಗತ್ಯವಾಗಿ ಈ ಶಸ್ತ್ರಚಿಕಿತ್ಸೆ ಮಾಡಲಾಗಿದೆ ಎಂದು ದೂರಿ ಪರಿಹಾರಕ್ಕಾಗಿ ಬೀದಿಗಿಳಿದು ಹೋರಾಡಿದ್ದು ಪತ್ರಿಕೆಗಳಲ್ಲೇ ವರದಿಯಾಗಿದೆ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಸರ್ಕಾರ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೆ ಸೂಚಿಸಿತು. ಜಿಲ್ಲಾ ಮಟ್ಟದ ಮೇಲ್ವಿಚಾರಣಾ ಸಮಿತಿಯೂ ಆ ಮಾರ್ಗಸೂಚಿಯ ಭಾಗ. ಹಾವೇರಿಯಲ್ಲಿ ಈ ಸಮಿತಿ ಎಷ್ಟು ಸಲ ಸೇರಿದೆ, ನಲವತ್ತು ದಾಟದ ಎಷ್ಟು ಮಹಿಳೆಯರಿಗೆ, ಯಾವ ಕಾರಣಕ್ಕೆ ಈ ಶಸ್ತ್ರಚಿಕಿತ್ಸೆ ಆಗಿದೆ ಎಂಬುದನ್ನು ಜಿಲ್ಲಾಡಳಿತ ಜನರ ಮುಂದಿಡಬೇಕು. ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆದರೆ ಮೂಳೆ ಸವೆಯುವ, ಹೃದ್ರೋಗ ಬರುವ ಅಪಾಯ ಹೆಚ್ಚುತ್ತದೆ. ನೆಲದ ಮೇಲೆ ಕುಳಿತು, ಬಾಗಿ ದುಡಿದು ಹೊಟ್ಟೆ ಹೊರೆಯುವವರಿಗೆ ಅದು ಕೂಲಿಯನ್ನೇ ಕಸಿದುಕೊಳ್ಳುವ ಮಾತು.

ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಮಾಡಬೇಕೆಂಬ ನಿಯಮ ಕಾಗದದಲ್ಲಿದೆ. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಂತೆಯೇ, 30ರಿಂದ 49 ವರ್ಷದೊಳಗಿನವರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಬಿಳಿಸೆರಗಿನ ತೊಂದರೆಯನ್ನು ಗಂಡಸು ವೈದ್ಯರ ಮುಂದೆ, ಅದೂ ಬಾಗಿಲಿಗೆ ಪರದೆಯೂ ಇಲ್ಲದ ಕೋಣೆಯಲ್ಲಿ, ಹೇಳು ಎಂದರೆ ಯಾವ ಹೆಣ್ಣುಮಗಳು ಹೇಳಿಯಾಳು? ಇನ್ನು ಅರವತ್ತು ದಾಟಿದ ವಿಧವೆಯರ ಪಾಡು ಬೇರೆಯೇ. ಜೊತೆಗೆ ಬರುವವರಿಲ್ಲದೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತಿರುವವರು ನಮ್ಮ ಓಣಿಯೊಂದರಲ್ಲೇ ಮೂವರಿದ್ದಾರೆ.

'ಶಕ್ತಿ' ಯೋಜನೆಯಿಂದ ಹಾವೇರಿಗೋ ಹುಬ್ಬಳ್ಳಿಗೋ ಹೋಗುವ ಬಸ್ಸಿನ ಖರ್ಚು ತಪ್ಪಿದೆ ಎಂಬುದನ್ನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಆದರೆ ಚೀಟಿಗೆ ಒಂದು ದಿನ, ಸ್ಕ್ಯಾನಿಂಗಿಗೆ ಒಂದು ದಿನ, ವರದಿ ತೋರಿಸಲು ಮತ್ತೊಂದು ದಿನ ಎಂದಾದರೆ ಮೂರು ದಿನದ ಕೂಲಿಯನ್ನು ತುಂಬಿಕೊಡುವವರು ಯಾರು? ತಾಲ್ಲೂಕು ಆಸ್ಪತ್ರೆಯಲ್ಲಿ ಗರ್ಭಿಣಿಯರಲ್ಲದ ಮಹಿಳೆಯರಿಗಾಗಿಯೇ ವಾರಕ್ಕೊಂದು ದಿನ ಮೀಸಲಿಟ್ಟು, ಮಹಿಳಾ ವೈದ್ಯರ ತಪಾಸಣೆ, ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮೂರೂ ಅದೇ ದಿನ ಮುಗಿಯುವಂತೆ ಮಾಡಬೇಕೆಂದು ಆರೋಗ್ಯ ಇಲಾಖೆಯನ್ನು ಕೋರುತ್ತೇನೆ. ಆ ದಿನ ಬ್ಯಾಡಗಿಯ ಮಾರುಕಟ್ಟೆ ನಡೆಯುವ ಸೋಮವಾರ, ಗುರುವಾರ ಆಗದಿರಲಿ. ಹಿಮೋಗ್ಲೋಬಿನ್ ಪರೀಕ್ಷೆಗಂತೂ ಯಾರೂ ಆಸ್ಪತ್ರೆಗೆ ಬರಬೇಕಾಗಿಲ್ಲ, ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಸುಗ್ಗಿ ಮುಗಿಯುವ ಮೊದಲು ಆರೋಗ್ಯ ಸಿಬ್ಬಂದಿ ತುಂಬು ಬಿಡಿಸುವ ಜಾಗಕ್ಕೇ ಒಮ್ಮೆ ಬಂದು ಹೋಗಲಿ.

— ನಿವೃತ್ತ ಶಿಕ್ಷಕಿ, ಬ್ಯಾಡಗಿ, ಹಾವೇರಿ ಜಿಲ್ಲೆ